ಲಿಬ್ರೆಆಫೀಸ್ ಕನ್ನಡದಲ್ಲಿ ಮಾತಾಡಲಿ: ಅನುವಾದಕ್ಕೆ ಕೈಜೋಡಿಸುವುದು ಹೇಗೆ?

ಓಪನ್‌ಆಫೀಸ್‌ನಿಂದ 2010ರಲ್ಲಿ ಕವಲೊಡೆದ ಲಿಬ್ರೆಆಫೀಸ್ ಪತ್ರ, ಲೆಕ್ಕದ ಹಾಳೆಗಳಂಥ ಕಚೇರಿ ಕೆಲಸಕ್ಕಿರುವ ಒಂದು ಮುಕ್ತ ತಂತ್ರಾಂಶವಾದ್ದರಿಂದ, ಅದರ ಮೆನು, ಸೂಚನೆ, ಎಚ್ಚರಿಕೆಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಆಸಕ್ತರು ಯಾರಾದರೂ ಪಾಲ್ಗೊಳ್ಳಬಹುದು. ಇದಕ್ಕೆ ಪ್ರೋಗ್ರಾಮಿಂಗ್ ತಿಳಿದಿರಬೇಕಾಗಿಲ್ಲ.

ಮೊದಲು ಕೀಲಿಮಣೆಯನ್ನು ಸರಿಪಡಿಸಿಕೊಳ್ಳಿ. ಕೀಲಿಗಳ ವಿನ್ಯಾಸ ಕೆ.ಪಿ. ರಾವ್ ಅವರದಾಗಲಿ, ಇನ್‌ಸ್ಕ್ರಿಪ್ಟ್ ಆಗಲಿ, ಮೂಡುವ ಅಕ್ಷರ ಮಾತ್ರ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಆದ ಜಾಗತಿಕ ಸಂಕೇತಪದ್ಧತಿ ಯೂನಿಕೋಡ್‌ನದೇ ಆಗಿರಬೇಕು. ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ್ದು ಇಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ.

ಅನಂತರ ಲಿಬ್ರೆಆಫೀಸ್ ನೋಡಿಕೊಳ್ಳುವ ಡಾಕ್ಯುಮೆಂಟ್ ಫೌಂಡೇಷನ್ನಿನ ವೆಬ್ಲೇಟ್ ಎಂಬ ಅನುವಾದ ತಾಣದಲ್ಲಿ ಖಾತೆ ತೆರೆದು ಕನ್ನಡವನ್ನು ಆರಿಸಿಕೊಳ್ಳಿ. ಹೊಸಬರು ನೇರವಾಗಿ ಅನುವಾದ ಉಳಿಸುವುದಕ್ಕಿಂತ ಸಲಹೆಯಾಗಿ ಸೇರಿಸುವುದು ಒಳ್ಳೆಯದು. ಈಗಾಗಲೇ ಆಗಿರುವ ಅನುವಾದವನ್ನು ಒಂದಷ್ಟು ಹೊತ್ತು ಓದಿ, ಬಳಕೆಯಲ್ಲಿರುವ ಪದಗಳನ್ನೇ ಅನುಸರಿಸಿ. ಒಂದು ಮೆನುವಿನಲ್ಲಿ ‘ಕಡತ’, ಇನ್ನೊಂದರಲ್ಲಿ ‘ಫೈಲು’ ಎಂದಾದರೆ ಬಳಕೆದಾರರಿಗೆ ಗೊಂದಲ. ಪದ ಬದಲಾಯಿಸಲೇಬೇಕೆನಿಸಿದರೆ ತಂಡದವರೊಡನೆ ಚರ್ಚಿಸಿ, ಎಲ್ಲೆಡೆ ಒಟ್ಟಿಗೇ ಬದಲಾಯಿಸಬೇಕು.

ಆರಂಭಕ್ಕೆ ಸಹಾಯ ಪುಟಗಳ ಗೊಡವೆ ಬೇಡ. ಮೆನು ಮತ್ತು ಸಂವಾದ ಚೌಕಗಳ (ಡೈಲಾಗ್ ಬಾಕ್ಸ್) ಚಿಕ್ಕ ವಾಕ್ಯಗಳಿಂದ ತೊಡಗಿ.

ನಿಜವಾದ ಕಷ್ಟವಿರುವುದು ಪದಕೋಶದಲ್ಲಲ್ಲ, ವಿಭಕ್ತಿಯಲ್ಲಿ. ವಾಕ್ಯದ ನಡುವೆ ಬರುವ %1, %2 ಮುಂತಾದ ಗುರುತುಗಳು ತಂತ್ರಾಂಶ ಆಮೇಲೆ ತುಂಬುವ ಖಾಲಿ ಜಾಗಗಳು. ಅವನ್ನು ಅಳಿಸುವಂತಿಲ್ಲ, ಅವುಗಳ ಅಂಕಿಗಳನ್ನು ಕನ್ನಡದ ಅಂಕಿಗಳಾಗಿ ಬರೆಯುವಂತೆಯೂ ಇಲ್ಲ. ಆದರೆ ಅವುಗಳ ಸ್ಥಾನವನ್ನು ಬದಲಾಯಿಸಬಹುದು. ಪತ್ರ ಬರೆಯುವ ಭಾಗವಾದ ರೈಟರ್‌ನ ಕೆಳಪಟ್ಟಿಯಲ್ಲಿ ಇಂಗ್ಲಿಷ್ ವಾಕ್ಯವು ಪುಟದ ಸಂಖ್ಯೆಯನ್ನು ಮೊದಲು, ಒಟ್ಟು ಪುಟಗಳನ್ನು ಆಮೇಲೆ ಹೇಳುತ್ತದೆ. ಕನ್ನಡದಲ್ಲಿ ‘%2ರಲ್ಲಿ %1ನೇ ಪುಟ’ ಎಂದು ತಿರುವಿದರೆ ಸಹಜವಾಗುತ್ತದೆ. ಸಂಖ್ಯೆ ಯಾವುದೇ ಇರಲಿ, ‘ರಲ್ಲಿ’ ಹೊಂದಿಕೊಳ್ಳುತ್ತದೆ. ಹೆಸರುಗಳ ವಿಷಯ ಹಾಗಲ್ಲ. ‘%1 ಅನ್ನು ಅಳಿಸಬೇಕೆ?’ ಎಂದು ಬರೆದರೆ ತೆರೆಯ ಮೇಲೆ ‘ವರದಿ ಅನ್ನು’, ‘ಪತ್ರ ಅನ್ನು’ ಎಂಬ ಮುರುಕು ಕನ್ನಡ ಮೂಡುತ್ತದೆ. ‘%1 ಎಂಬ ಕಡತವನ್ನು ಅಳಿಸಬೇಕೆ?’ ಎಂದರೆ ಪ್ರತ್ಯಯದ ಭಾರ ನಮಗೆ ಗೊತ್ತಿರುವ ಪದದ ಮೇಲೆ ಬೀಳುವುದರಿಂದ, ಯಾವ ಹೆಸರು ಬಂದರೂ ವಾಕ್ಯ ಕೆಡುವುದಿಲ್ಲ. ಯಾಂತ್ರಿಕ ಅನುವಾದವನ್ನು ಹಾಗೇ ಅಂಟಿಸುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ.

ಕೆಲವು ವಾಕ್ಯಗಳಿಗೆ ಏಕವಚನ, ಬಹುವಚನದ ಎರಡು ಚೌಕಗಳಿರುತ್ತವೆ. ‘ಐದು ಪುಟ’ ಎನ್ನುವುದು ನಮ್ಮ ಮಾತಿನಲ್ಲಿ ಸಲ್ಲುತ್ತದೆಯಾದರೂ ಎರಡನ್ನೂ ತುಂಬಲೇಬೇಕು. ಅಲೆಯಾಕಾರದ ಗುರುತು (~) ಕಂಡರೆ, ಅದರ ಮುಂದಿನ ಅಕ್ಷರವು ಕೀಲಿಮಣೆಯಿಂದ ಮೆನು ತೆರೆಯಲು ಇರುವಂಥದ್ದು. ಕನ್ನಡ ಪದದ ಕೊನೆಗೆ ಆ ಇಂಗ್ಲಿಷ್ ಅಕ್ಷರವನ್ನು ಆವರಣದಲ್ಲಿಡುವ ರೂಢಿಯಿದೆ.

ವಾಕ್ಯವೊಂದು ಎಲ್ಲಿ ಕಾಣುತ್ತದೆಂಬುದು ತಿಳಿಯದಿದ್ದರೆ ಊಹಿಸಬೇಡಿ. ಪ್ರತಿ ವಾಕ್ಯಕ್ಕೂ ಐದು ಅಕ್ಷರಗಳ ಕೀಐಡಿ ಇದ್ದು, ಅದನ್ನು ಮೆನುಗಳಲ್ಲಿಯೇ ತೋರಿಸುವ ವಿಶೇಷ ಭಾಷಾ ಆವೃತ್ತಿಯೂ ಉಂಟು. ಅಲ್ಲಿ ಕಂಡ ಕೀಐಡಿಯನ್ನು ವೆಬ್ಲೇಟ್‌ನಲ್ಲಿ ಹುಡುಕಿದರೆ ಸರಿಯಾದ ವಾಕ್ಯವೇ ಸಿಗುತ್ತದೆ.

ಹೊಸ ಆವೃತ್ತಿಗಳು ಸಾಮಾನ್ಯವಾಗಿ ಫೆಬ್ರುವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಬರುತ್ತವೆ. ಅದಕ್ಕೆ ಕೆಲವು ವಾರ ಮೊದಲು ಪರೀಕ್ಷಾ ಆವೃತ್ತಿಯನ್ನು ಇಳಿಸಿಕೊಂಡು, ಆಯ್ಕೆಗಳ ಭಾಷಾ ವಿಭಾಗದಲ್ಲಿ ಕನ್ನಡವನ್ನು ಆರಿಸಿ, ನೀವು ಅನುವಾದಿಸಿದ ಸಂವಾದ ಚೌಕಗಳನ್ನು ಒಂದೊಂದಾಗಿ ತೆರೆದು ನೋಡಿ. ಗುಂಡಿಯ ಅಂಚಿನಲ್ಲಿ ತುಂಡಾಗಿ ಕಾಣುವ ಪದಗಳನ್ನು ಬಿಡುಗಡೆಗೆ ಮುನ್ನವೇ ಚಿಕ್ಕದಾಗಿಸಬಹುದು.