ಲೋಗೊ ಸುತ್ತ ಆ ಬಿಳಿ ಚೌಕ ಯಾಕೆ? ಜಿಂಪ್‌ನಲ್ಲಿ ಲೇಯರ್ ಮತ್ತು ಟ್ರಾನ್ಸ್‌ಪರೆನ್ಸಿ

ರಾಜ್ಯೋತ್ಸವದ ಪೋಸ್ಟರ್‌ಗಳನ್ನು ಒಮ್ಮೆ ಗಮನಿಸಿ. ಹಿಂದೆ ಚೆಂದದ ಹಳದಿ-ಕೆಂಪು, ಮೂಲೆಯಲ್ಲಿ ಸಂಘದ ಲೋಗೊ, ಅದರ ಸುತ್ತ ಒಂದು ಬಿಳಿ ಚೌಕ. ಕಣ್ಣಿಗೆ ಚುಚ್ಚುತ್ತದೆ, ಅಲ್ವಾ? ಲೋಗೊದ ಬಿಳಿ ಭಾಗ ಖಾಲಿ ಜಾಗ ಅಂತ ಮಾಡಿದವರು ಅಂದುಕೊಂಡಿರುತ್ತಾರೆ. ಕಂಪ್ಯೂಟರ್‌ಗೆ ಮಾತ್ರ ಬಿಳಿಯೂ ಒಂದು ಬಣ್ಣ.

ಚಿತ್ರದ ಪ್ರತಿ ಪಿಕ್ಸೆಲ್‌ಗೂ, ಅಂದರೆ ಪುಟ್ಟ ಚುಕ್ಕೆಗೂ, ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಅಂತ ಹೇಳುವ ಮೂರು ಸಂಖ್ಯೆಗಳಿರುತ್ತವೆ. ಖಾಲಿ, ಅಂದರೆ ಟ್ರಾನ್ಸ್‌ಪರೆಂಟ್, ಅಂತ ಹೇಳೋಕೆ ನಾಲ್ಕನೆಯದು ಬೇಕು, ಅದೇ ಆಲ್ಫಾ. ಸಾಮಾನ್ಯ 8 ಬಿಟ್ ಚಿತ್ರದಲ್ಲಿ ಆಲ್ಫಾ 0 ಇದ್ದರೆ ಪಿಕ್ಸೆಲ್ ಕಾಣುವುದೇ ಇಲ್ಲ, 255 ಇದ್ದರೆ ಪೂರ್ತಿ ಗಟ್ಟಿ, ನಡುವೆ ಇದ್ದರೆ ಕೆಳಗಿನದು ಅಷ್ಟಷ್ಟು ಕಾಣುತ್ತದೆ. ಜೆಪೆಗ್‌ನಲ್ಲಿ ಈ ನಾಲ್ಕನೆಯ ಸಂಖ್ಯೆಗೆ ಜಾಗವೇ ಇಲ್ಲ. ಜಿಫ್‌ನಲ್ಲಿ ಪಿಕ್ಸೆಲ್ ಒಂದೋ ಕಾಣುತ್ತದೆ ಇಲ್ಲವೋ ಇಲ್ಲ, ಅರ್ಧಂಬರ್ಧ ಆಗುವುದಿಲ್ಲ. ಪಿಎನ್‌ಜಿಯಲ್ಲಿ ಆಲ್ಫಾ ಪೂರ್ತಿ ಉಳಿಯುತ್ತದೆ, ಅದಕ್ಕೇ ಲೋಗೊಗೆ ಪಿಎನ್‌ಜಿ ಕೇಳುವುದು.

ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಪ್ಲಾಸ್ಟಿಕ್ ಹಾಳೆಗಳ ಹಾಗೆ. ಮೇಲಿನದರಲ್ಲಿ ಎಲ್ಲಿ ಖಾಲಿ ಇದೆಯೋ ಅಲ್ಲಿ ಕೆಳಗಿನದು ಕಾಣುತ್ತದೆ. ಪೋಸ್ಟರ್‌ಗೆ ಹಿನ್ನೆಲೆ ಒಂದು ಲೇಯರ್, ಲೋಗೊ ಒಂದು, ಬರಹ ಒಂದು, ಹೀಗೆ ಬೇರೆ ಬೇರೆ ಇಡಿ. ಬರಹವನ್ನು ಬೇರೆ ಲೇಯರ್ ಜೊತೆ ಮರ್ಜ್ ಮಾಡಲೇಬೇಡಿ. ಮಾಡಿದ ಮೇಲೆ ಅದು ಬರೀ ಚಿತ್ರ, ಒಂದು ಒತ್ತಕ್ಷರ ತಪ್ಪಾಗಿದ್ದರೂ ತಿದ್ದೋಕಾಗದು, ಮತ್ತೆ ಮೊದಲಿಂದ ಟೈಪ್ ಮಾಡಬೇಕು. (ಫಾಂಟ್ ಯೂನಿಕೋಡ್ ಇರಲಿ, ನೋಟೊ ಸಾನ್ಸ್ ಕನ್ನಡ ಸಾಕು.)

ಈಗ ಲೋಗೊ. ಜಿಂಪ್ ಚಿತ್ರ ತಿದ್ದುವ ಉಚಿತ ಸಾಫ್ಟ್‌ವೇರ್, ಹಾಗಾಗಿ ಅದರಲ್ಲೇ ಹೇಳುತ್ತೇನೆ. ಜೆಪೆಗ್ ತೆರೆದು ಬಿಳಿ ಭಾಗ ಆರಿಸಿ ಡಿಲೀಟ್ ಒತ್ತಿದರೆ ಮತ್ತೆ ಬಿಳಿಯೇ ಬರಬಹುದು, ಯಾಕೆಂದರೆ ಆ ಲೇಯರ್‌ಗೆ ಆಲ್ಫಾ ಇಲ್ಲ, ಅಳಿಸಿದ ಜಾಗಕ್ಕೆ ಜಿಂಪ್ ಬ್ಯಾಕ್‌ಗ್ರೌಂಡ್ ಬಣ್ಣ ತುಂಬುತ್ತದೆ. ಮೊದಲು ಲೇಯರ್ ಮೆನುವಿನಲ್ಲಿ ಟ್ರಾನ್ಸ್‌ಪರೆನ್ಸಿ, ಅದರೊಳಗೆ ಆಡ್ ಆಲ್ಫಾ ಚಾನೆಲ್ ಒತ್ತಿ. ಆಮೇಲೆ ಡಿಲೀಟ್ ಮಾಡಿದರೆ ಬೂದು ಚೌಕಳಿ ಕಾಣುತ್ತದೆ. ಆ ಚೌಕಳಿ ಬರೀ ಗುರುತು, ಇಲ್ಲಿ ಏನೂ ಇಲ್ಲ ಅಂತ.

ಆದರೂ ಅಂಚು ನೋಡಿ. ಹಳದಿ ಮೇಲೆ ಇಟ್ಟ ಕೂಡಲೇ ಲೋಗೊ ಸುತ್ತ ತೆಳ್ಳಗೆ ಬಿಳಿ ಗೆರೆ ಉಳಿದಿರುತ್ತದೆ. ನಿಮ್ಮ ಕೈಚಳಕದ ದೋಷವಲ್ಲ ಅದು. ಅಂಚು ಗರಗಸದ ಹಾಗೆ ಕಾಣದಿರಲಿ ಅಂತ ಕಪ್ಪು ಮತ್ತು ಬಿಳಿಯ ನಡುವೆ ಬೂದು ಪಿಕ್ಸೆಲ್‌ಗಳಿರುತ್ತವೆ, ಅವುಗಳಲ್ಲಿ ಹಳೇ ಬಿಳಿ ಬೆರೆತುಹೋಗಿರುತ್ತದೆ. ಅದನ್ನು ಹೊರತೆಗೆಯುವುದು ಕಲರ್ಸ್ ಮೆನುವಿನ ಕಲರ್ ಟು ಆಲ್ಫಾ. ಬಣ್ಣ ಬಿಳಿ ಆರಿಸಿದರೆ, ಬೂದು ಪಿಕ್ಸೆಲ್ ಅರೆಪಾರದರ್ಶಕ ಕಪ್ಪಾಗುತ್ತದೆ, ಯಾವ ಹಿನ್ನೆಲೆಗೂ ಹೊಂದುತ್ತದೆ. ಜೆಪೆಗ್‌ನ ಬಿಳಿ ನಿಜಕ್ಕೂ ಅಚ್ಚ ಬಿಳಿ ಆಗಿರುವುದಿಲ್ಲ, ಮಂಕು ಚುಕ್ಕೆ ಉಳಿದರೆ ಅದೇ ಕಿಟಕಿಯ ಟ್ರಾನ್ಸ್‌ಪರೆನ್ಸಿ ಥ್ರೆಶೋಲ್ಡ್ ಸ್ವಲ್ಪ ಏರಿಸಿ.

ಇದರಲ್ಲಿ ಒಂದು ತೊಂದರೆ ಇದೆ. ಲೋಗೊ ಒಳಗಿನ ಬಿಳಿಯೂ ಹೋಗುತ್ತದೆ, ಗುಲಾಬಿ, ತಿಳಿನೀಲಿ ಅರೆಬರೆ ಆಗುತ್ತವೆ, ಯಾಕೆಂದರೆ ಅವುಗಳಲ್ಲೂ ಬಿಳಿ ಇದೆ. ಹಾಗಾಗಿ ಮೊದಲು ಫಜಿ ಸೆಲೆಕ್ಟ್‌ನಿಂದ (ಒತ್ತಿದ ಜಾಗಕ್ಕೆ ಅಂಟಿಕೊಂಡ ಅದೇ ಥರದ ಬಣ್ಣವನ್ನೆಲ್ಲ ಆರಿಸುವ ಸಾಧನ) ಹೊರಗಿನ ಬಿಳಿಯನ್ನಷ್ಟೇ ಆರಿಸಿ, ಸೆಲೆಕ್ಟ್ ಮೆನುವಿನ ಗ್ರೋನಲ್ಲಿ 1 ಅಥವಾ 2 ಪಿಕ್ಸೆಲ್ ಹಿಗ್ಗಿಸಿ, ಆಮೇಲೆ ಕಲರ್ ಟು ಆಲ್ಫಾ ಓಡಿಸಿ. ಅಂಚು ಶುಚಿಯಾಗುತ್ತದೆ, ಒಳಗಿನದು ಹಾಗೇ ಉಳಿಯುತ್ತದೆ.

ಮನುಷ್ಯರ ಫೋಟೊಗೆ ಇದು ನಡೆಯುವುದಿಲ್ಲ. ಅಲ್ಲಿ ಲೇಯರ್ ಮಾಸ್ಕ್ ಬಳಸಿ, ಅಂದರೆ ಲೇಯರ್‌ನ ಯಾವ ಭಾಗ ಕಾಣಬೇಕು ಅಂತ ಹೇಳುವ ಹೊದಿಕೆ. ಮಾಸ್ಕ್ ಮೇಲೆ ಕಪ್ಪು ಬಳಿದರೆ ಮರೆಯಾಗುತ್ತದೆ, ಬಿಳಿ ಬಳಿದರೆ ಮತ್ತೆ ಬರುತ್ತದೆ, ಬೂದು ಬಳಿದರೆ ಅರ್ಧ. ಕಿವಿ ಜಾಸ್ತಿ ಕತ್ತರಿಸಿಹೋಯ್ತೇ? ಬಿಳಿ ಬಳಿಯಿರಿ, ಕಿವಿ ವಾಪಸ್. ನನ್ನ ಕೇಳಿದರೆ ಎರೇಸರ್ ಅನ್ನು ಮುಟ್ಟಲೇಬೇಕಿಲ್ಲ.

ಉಳಿಸುವಾಗ ಎರಡು ಫೈಲ್. ಸೇವ್ ಮಾಡಿದರೆ ಜಿಂಪ್‌ನದೇ ಎಕ್ಸ್‌ಸಿಎಫ್ ಫೈಲ್, ಲೇಯರ್‌ಗಳು ಅದರಲ್ಲೇ ಇರುತ್ತವೆ. ಬೇರೆಯವರಿಗೆ ಕೊಡೋಕೆ ಎಕ್ಸ್‌ಪೋರ್ಟ್ ಆಸ್‌ನಿಂದ ಪಿಎನ್‌ಜಿ. ವಾಟ್ಸಾಪ್‌ನಲ್ಲಿ ಅದನ್ನು ಫೋಟೊ ಅಂತ ಕಳಿಸಿದರೆ ಟ್ರಾನ್ಸ್‌ಪರೆನ್ಸಿ ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ನೆಟ್‌ನಲ್ಲಿ ಸಿಗುವ 'ಟ್ರಾನ್ಸ್‌ಪರೆಂಟ್ ಪಿಎನ್‌ಜಿ'ಗಳನ್ನು ಸುಮ್ನೆ ನಂಬಬೇಡಿ. ಎಷ್ಟೋ ಫೈಲ್‌ಗಳಲ್ಲಿ ಚೌಕಳಿಯನ್ನೇ ಚಿತ್ರವಾಗಿ ಬರೆದಿರುತ್ತಾರೆ. ಕೆಳಗೊಂದು ಲೇಯರ್ ಹಾಕಿ ಗಾಢ ಕೆಂಪು ತುಂಬಿ ನೋಡಿ. ಕೆಂಪು ಕಂಡರೆ ನಿಜ, ಚೌಕಳಿಯೇ ಉಳಿದರೆ ಬೇರೆ ಫೈಲ್ ಹುಡುಕಿ.