ಲ್ಯಾಬ್ ವರದಿ ಆಸ್ಪತ್ರೆಯ ದಾಖಲೆಗೆ ಸುರಕ್ಷಿತವಾಗಿ ಸೇರುವುದು ಹೇಗೆ?

ಲ್ಯಾಬಿನ ಸಾಫ್ಟ್‌ವೇರನ್ನು ಆಸ್ಪತ್ರೆಯ ಎಲೆಕ್ಟ್ರಾನಿಕ್ ದಾಖಲೆ ವ್ಯವಸ್ಥೆಗೆ ಜೋಡಿಸುವಾಗ ಎಲ್ಲರ ಚಿಂತೆ ಮಾಹಿತಿ ಸೋರಿಕೆಯದ್ದೇ. ಆ ಚಿಂತೆ ಇರಬೇಕಾದ್ದೇ. ಆದರೆ ಒಬ್ಬರ ವರದಿ ಮತ್ತೊಬ್ಬರ ಕಡತಕ್ಕೆ ಸೇರಿಕೊಂಡರೆ ಆಗುವ ಅನಾಹುತ ಅದಕ್ಕೇನೂ ಕಡಿಮೆಯಲ್ಲ. ಎರಡಕ್ಕೂ ಒಟ್ಟಿಗೇ ವ್ಯವಸ್ಥೆ ಮಾಡಿಕೊಳ್ಳಬೇಕು.

1. ದಾರಿ ಭದ್ರವಾಗಲಿ

ಆರೋಗ್ಯ ಮಾಹಿತಿಯನ್ನು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಕಳಿಸುವ ಮಾನಕವೇ ಎಚ್‌ಎಲ್7. ಅದರ 2ನೇ ಆವೃತ್ತಿಯಲ್ಲಿ ಸಂದೇಶವನ್ನು ಸಾಲು, ಅಂಕಣಗಳಾಗಿ ಬರೆಯುತ್ತಾರೆ. ಆ ಸಂದೇಶಗಳು ಸಾಮಾನ್ಯವಾಗಿ ಎಂಎಲ್‌ಎಲ್‌ಪಿ ಎಂಬ ಸಾಗಣೆ ವಿಧಾನದ ಮೂಲಕ ಹೋಗುತ್ತವೆ. ಸಂದೇಶ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಗುರುತಿಸುವುದಷ್ಟೇ ಅದರ ಕೆಲಸ, ಎನ್‌ಕ್ರಿಪ್ಷನ್ (ಬೇರೆಯವರು ಓದಲಾಗದಂತೆ ಗೂಢಲಿಪಿಯಾಗಿಸುವುದು) ಅದರಲ್ಲಿಲ್ಲ. ನೆಟ್‌ವರ್ಕಿಗೆ ನುಸುಳಿದವರು ಹೆಸರು, ಹುಟ್ಟಿದ ದಿನ, ಫಲಿತಾಂಶ ಎಲ್ಲವನ್ನೂ ಓದಿಬಿಡಬಹುದು. ‘ಒಳಗಿನ ನೆಟ್‌ವರ್ಕ್ ತಾನೇ’ ಎಂದು ಬಿಡದೆ, ಸಂಪರ್ಕವನ್ನೇ ಎನ್‌ಕ್ರಿಪ್ಟ್ ಮಾಡುವ ಟಿಎಲ್‌ಎಸ್‌ನ 1.2 ಅಥವಾ 1.3 ಆವೃತ್ತಿ ಬಳಸಿ. 1.0 ಮತ್ತು 1.1 ಆವೃತ್ತಿಗಳನ್ನು 2021ರಲ್ಲೇ ಕೈಬಿಡಲಾಗಿದೆ. ಎರಡೂ ಕಡೆಯವರು ಪರಸ್ಪರರ ಸರ್ಟಿಫಿಕೇಟ್, ಅಂದರೆ ಸರ್ವರಿನ ಡಿಜಿಟಲ್ ಗುರುತಿನ ಚೀಟಿ, ಪರಿಶೀಲಿಸುವಂತಿರಲಿ. ಅದರ ಅವಧಿ ಮುಗಿಯಲು 30 ದಿನ ಇರುವಾಗಲೇ ಎಚ್ಚರಿಕೆ ಬರಬೇಕು. ಇಲ್ಲವಾದರೆ ಒಂದು ರಾತ್ರಿ ವರದಿಗಳು ನಿಂತುಹೋಗುತ್ತವೆ, ಅವಸರದಲ್ಲಿ ಯಾರೋ ಪರಿಶೀಲನೆಯನ್ನೇ ಆಫ್ ಮಾಡುತ್ತಾರೆ, ಮತ್ತೆ ಆನ್ ಮಾಡುವವರೇ ಇರುವುದಿಲ್ಲ.

ಎಚ್‌ಎಲ್7ನ ಹೊಸ, ವೆಬ್ ಆಧಾರಿತ ಮಾನಕವಾದ ಎಫ್‌ಎಚ್‌ಐಆರ್ ಬಳಸುವುದಾದರೆ ಎಚ್‌ಟಿಟಿಪಿಎಸ್ ಜೊತೆಗೆ ಅಲ್ಪಾವಧಿಯ ಓಆಥ್ 2.0 ಟೋಕನ್ (ಇಂತಿಷ್ಟೇ ಕೆಲಸಕ್ಕೆ ಅನುಮತಿ ಕೊಡುವ ಡಿಜಿಟಲ್ ಚೀಟಿ) ಕೊಡಿ. ಫಲಿತಾಂಶ ಬರೆಯಬೇಕಾದ ಲ್ಯಾಬಿಗೆ ರೋಗಿಯ ಇಡೀ ಚರಿತ್ರೆ ಓದುವ ಅನುಮತಿ ಬೇಕಿಲ್ಲ.

2. ರೋಗಿ ಯಾರೆಂದು ಖಚಿತವಾಗಲಿ

ಹೆಸರು, ಹುಟ್ಟಿದ ದಿನ ಎರಡನ್ನೇ ನಂಬಬೇಡಿ. ಅವಳಿಗಳಿಗೆ ಹುಟ್ಟಿದ ದಿನವೂ ವಿಳಾಸವೂ ಒಂದೇ; ನವಜಾತ ಶಿಶುಗಳಾದರೆ ಹೆಸರೇ ಇಟ್ಟಿರುವುದಿಲ್ಲ. ಸಂದೇಶದಲ್ಲಿ ರೋಗಿಯ ಗುರುತು ಹೊತ್ತ ಪಿಐಡಿ ಸಾಲಿನ 3ನೇ ಅಂಕಣದಲ್ಲಿ ರೋಗಿಯ ಸಂಖ್ಯೆಯ ಜೊತೆ ಅದನ್ನು ಕೊಟ್ಟ ಸಂಸ್ಥೆಯ ಗುರುತೂ ಇರಲೇಬೇಕು. ಹೊಂದಾಣಿಕೆ ಆಗದ ವರದಿಯನ್ನು ತಾನಾಗಿ ಸೇರಿಸದೆ, ಸಿಬ್ಬಂದಿ ನೋಡುವ ಪ್ರತ್ಯೇಕ ಸರದಿಯಲ್ಲಿಡಿ.

3. ಅಂಕಿಯ ಜೊತೆ ಯೂನಿಟ್ ಹೋಗಲಿ

ರಕ್ತದ ಗ್ಲೂಕೋಸ್ ಲೀಟರಿಗೆ 5.5 ಮಿಲಿಮೋಲ್ ಇದ್ದರೆ, ಅದು ಡೆಸಿಲೀಟರಿಗೆ ಸುಮಾರು 99 ಮಿಲಿಗ್ರಾಂ. ಯೂನಿಟ್ ಬಿಟ್ಟುಹೋಗಿ ಬರೀ 5.5 ತಲುಪಿ, ಅದನ್ನು ಮಿಲಿಗ್ರಾಂ ಎಂದು ಓದಿದರೆ ಆರೋಗ್ಯವಂತರೇ ಪ್ರಾಣಾಪಾಯದಲ್ಲಿರುವಂತೆ ಕಾಣುತ್ತದೆ. ಫಲಿತಾಂಶ ಹೊತ್ತ ಓಬಿಎಕ್ಸ್ ಸಾಲಿನ 5ನೇ ಅಂಕಣದಲ್ಲಿ ಮೌಲ್ಯ, 6ರಲ್ಲಿ ಯೂನಿಟ್ ಇರುತ್ತದೆ. 6 ಖಾಲಿಯಿದ್ದರೆ ಸಂದೇಶವನ್ನೇ ತಿರಸ್ಕರಿಸಿ. ಲ್ಯಾಬ್ ಪರೀಕ್ಷೆಗಳನ್ನು ಗುರುತಿಸುವ ಲೋಯಿಂಕ್ ಸಂಕೇತವೂ ಬೇರೆಬೇರೆ: ಸೀರಂ ಅಥವಾ ಪ್ಲಾಸ್ಮಾದ ಗ್ಲೂಕೋಸಿಗೆ ಮಿಲಿಗ್ರಾಂ ಲೆಕ್ಕಕ್ಕೆ 2345-7, ಮಿಲಿಮೋಲ್ ಲೆಕ್ಕಕ್ಕೆ 14749-6. ಜೊತೆಗೆ 11ನೇ ಅಂಕಣವನ್ನೂ ಓದಿಸಿ. ಅಲ್ಲಿ ‘ಪಿ’ ಎಂದರೆ ತಾತ್ಕಾಲಿಕ, ‘ಎಫ್’ ಅಂತಿಮ, ‘ಸಿ’ ತಿದ್ದಿದ ಫಲಿತಾಂಶ. ‘ಸಿ’ ಬಂದಾಗ ಹಳೆಯ ಅಂಕಿ ಪರದೆಯಿಂದ ಹೋಗಬೇಕು, ಇತಿಹಾಸದಲ್ಲಿ ಮಾತ್ರ ಉಳಿಯಬೇಕು.

4. ತಲುಪಿದ್ದಕ್ಕೆ ಉತ್ತರ ಬರಲಿ

‘ಎಎ’ (ಸಂದೇಶ ಸ್ವೀಕೃತ) ಎಂಬ ಉತ್ತರ ಬಂದ ಮೇಲಷ್ಟೇ ಸಂದೇಶವನ್ನು ಸರದಿಯಿಂದ ತೆಗೆಯಿರಿ. ಉತ್ತರವೇ ಬರದಿದ್ದರೆ ಸಂದೇಶದ ಮೊದಲ ಸಾಲಾದ ಎಂಎಸ್‌ಎಚ್‌ನ 10ನೇ ಅಂಕಣದಲ್ಲಿರುವ ಅದೇ ಸಂದೇಶ ಸಂಖ್ಯೆಯೊಂದಿಗೆ ಮತ್ತೆ ಕಳಿಸಿ. ವರದಿ ಉಳಿದು ಉತ್ತರ ಮಾತ್ರ ಕಳೆದುಹೋಗಿರಬಹುದು. ಸಂಖ್ಯೆ ಬದಲಾದರೆ ಒಂದೇ ಪರೀಕ್ಷೆ ಎರಡು ಸಲ ದಾಖಲಾಗುತ್ತದೆ. ‘ಎಇ’ (ದೋಷ) ಎಂಬ ಉತ್ತರ ಬಂದರೆ ಸಂದೇಶದಲ್ಲೇ ದೋಷವಿರಬಹುದು, ಪದೇಪದೇ ಕಳಿಸಿ ಫಲವಿಲ್ಲ. ಪಕ್ಕಕ್ಕಿಟ್ಟು ಕಾರಣ ಹುಡುಕಿ.

5. ಲಾಗ್ ಕಡತಗಳನ್ನು ಮರೆಯಬೇಡಿ

ಯಾರು, ಯಾವಾಗ, ಯಾರ ದಾಖಲೆ ತೆರೆದರು ಎಂಬುದು ದಾಖಲಾಗಬೇಕು. ಎರಡೂ ಸರ್ವರುಗಳ ಗಡಿಯಾರವನ್ನು ಎನ್‌ಟಿಪಿಯಿಂದ (ನೆಟ್‌ವರ್ಕ್ ಮೂಲಕ ಸಮಯ ಸರಿಹೊಂದಿಸುವ ವ್ಯವಸ್ಥೆ) ಹೊಂದಿಸದಿದ್ದರೆ ಘಟನೆಗಳ ಕ್ರಮವೇ ಸಿಗದು. ಇನ್ನು ದೋಷದ ಲಾಗುಗಳು. ಅಲ್ಲಿ ಎಷ್ಟೋ ಸಲ ಇಡೀ ಸಂದೇಶ ಎನ್‌ಕ್ರಿಪ್ಷನ್ ಇಲ್ಲದೆ ಬಿದ್ದಿರುತ್ತದೆ, ಬ್ಯಾಕಪ್‌ಗೂ ಹಾಗೆಯೇ ಹೋಗುತ್ತದೆ. ಲಾಗಿನಲ್ಲಿ ಸಂದೇಶದ ಸಂಖ್ಯೆ ಮತ್ತು ದೋಷದ ಕಾರಣ ಮಾತ್ರ ಇರಲಿ.