ಎರಡು ಎಂಜಿನ್ ಬಿಚ್ಚಿ ಒಂದು ಎಟಿವಿ ಕಟ್ಟಿದ್ದು

ನನ್ನ ಗ್ಯಾರೇಜ್ ವಾಸ್ಕೋ ಹತ್ತಿರದ ಝುವಾರಿನಗರದಲ್ಲಿದೆ. ಊರು ಗದಗ ಕಡೆ. ಗೋವಾಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ದಿನಾ ಬರುವುದು ಬೈಕು, ಸ್ಕೂಟರು. ಹೋದ ಸಲ ಮಳೆ ನಿಂತ ಮೇಲೆ ಫೋಂಡಾ ಕಡೆಯ ಅಡಿಕೆ ತೋಟದ ಯಜಮಾನರೊಬ್ಬರು ಟೆಂಪೋದಲ್ಲಿ ಎರಡು ಎಟಿವಿ ಹೇರಿಕೊಂಡು ಬಂದರು. ನಾಲ್ಕು ಚಕ್ರ, ಬೈಕಿನಂಥ ಹ್ಯಾಂಡಲ್. ತೋಟದೊಳಗೆ ಗೊಬ್ಬರದ ಚೀಲ, ಅಡಿಕೆ ಗೊನೆ ಸಾಗಿಸೋಕೆ ಇಟ್ಟುಕೊಂಡಿದ್ದರು. ಎರಡರಲ್ಲೂ ಚೀನಾದ ಎಂಜಿನ್. ಒಂದು ಹಳೆಯದು, ಇನ್ನೊಂದು ಅದಕ್ಕಿಂತ ಮೂರು ನಾಲ್ಕು ವರ್ಷ ಈಚಿನದು. "ಎರಡೂ ಸೇರಿಸಿ ಒಂದನ್ನಾದರೂ ಓಡಿಸಿಕೊಡಿ" ಅಂದರು.

ಹಳೆಯದರ ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್, ಹೋಗಿತ್ತು. ಏರ್ ಫಿಲ್ಟರ್ ಹರಿದು ಕೆಂಪು ಧೂಳು ಒಳಗೆ ಎಳೆದುಕೊಂಡಿತ್ತು. ಬೋರ್ ಒಳಗೆ ಬೆರಳಾಡಿಸಿದರೆ ಉದ್ದುದ್ದ ಗೀರು ಉಗುರಿಗೆ ಸಿಗುತ್ತಿದ್ದವು. ಹೊಸದರ ಬೋರ್, ಪಿಸ್ಟನ್, ಬೋರ್ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಎಲ್ಲ ಚೆನ್ನಾಗಿದ್ದವು. ಆದರೆ ಕೆಳಗಿನಿಂದ ಕಲ್ಲು ಹೊಡೆದು, ಪಿಸ್ಟನ್ನನ್ನು ಓಡಿಸುವ ಕ್ರ್ಯಾಂಕ್ ಕೂರುವ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸ್ ಒಡೆದಿತ್ತು. ಅಂದರೆ ಒಂದರ ಕೆಳಭಾಗ, ಇನ್ನೊಂದರ ಮೇಲ್ಭಾಗ. ಸುಲಭದ ಕೆಲಸ ಅನ್ನಿಸಿತು.

ನಮ್ಮ ಹುಡುಗ ಎರಡೂ ಎಂಜಿನ್‌ನ ನಂಬರ್ ಒರೆಸಿ ನೋಡಿದ. "ಅಣ್ಣಾ, ಎರಡೂ 152 ಐತಿ, ಒಂದಾ ಅದಾವ್ ನೋಡ್ರಿ" ಅಂದ. ಬೋರ್ ಬಿಗಿಯುವ ಉದ್ದ ಬೋಲ್ಟುಗಳ, ಅಂದರೆ ಸ್ಟಡ್‌ಗಳ, ಅಂತರ ಒಂದೇ. ಬೋರ್‌ಗೆ ವರ್ನಿಯರ್ ಹಿಡಿದರೆ ಎರಡೂ 52.4 ಮಿ.ಮೀ. ನಾನೂ ಹೂಂ ಅಂದೆ. ಹೊಸದರ ಬೋರ್, ಪಿಸ್ಟನ್, ವಾಲ್ವ್ ತೆರೆಯುವ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನ್ ತೆಗೆದು ಹಳೆಯ ಕೆಳಭಾಗಕ್ಕೆ ಕೂರಿಸಿದೆವು. ಒಂದು ಬೋಲ್ಟೂ ತಕರಾರು ಮಾಡಲಿಲ್ಲ.

ಗಾಡಿ ಸ್ಟಾರ್ಟ್ ಆಯಿತು, ಆದರೆ ಜೀವ ಇರಲಿಲ್ಲ. ಆ್ಯಕ್ಸಿಲರೇಟರ್ ಕೊಟ್ಟರೆ ಗೊರಗೊರ ಅನ್ನುತ್ತಿತ್ತು, ಏರು ಹತ್ತುತ್ತಿರಲಿಲ್ಲ. ಕಾರ್ಬುರೇಟರ್ ತೊಳೆದೆ. ಪ್ಲಗ್ ಬದಲಿಸಿದೆ. ಅರ್ಧ ದಿನ ಸುಮ್ನೆ ಹೋಯಿತು. ಕೊನೆಗೆ ಹೆಡ್ ಬಿಚ್ಚಿ, ಪಿಸ್ಟನ್ ಪೂರ್ತಿ ಮೇಲೆ ತಂದು ನೋಡಿದೆ. ಬೋರ್‌ನ ಅಂಚಿಗೆ ಬರಬೇಕಾದ ಪಿಸ್ಟನ್ ಸುಮಾರು 3 ಮಿ.ಮೀ. ಕೆಳಗೇ ನಿಂತಿತ್ತು.

ಆಗ ಇಬ್ಬರೂ ಕೂತು ನಂಬರ್ ಪೂರ್ತಿ ಓದಿದೆವು. ಹಳೆಯದು 152ಎಫ್‌ಎಂಎಚ್. ಹೊಸದು 152ಎಫ್‌ಎಂಐ. ಈ ಚೀನಾ ಎಂಜಿನ್‌ಗಳ ನಂಬರ್‌ನಲ್ಲಿ ಮೊದಲ 1 ಅಂದರೆ ಒಂದು ಸಿಲಿಂಡರ್. 52 ಅಂದರೆ ಬೋರ್‌ನ ಅಗಲ, ಮಿ.ಮೀ.ನಲ್ಲಿ. ಎಫ್ ಅಂದರೆ ಗಾಳಿಯಿಂದ ತಣ್ಣಗಾಗುವುದು, ಎಂ ಅಂದರೆ ಮೋಟಾರ್‌ಸೈಕಲ್ ಎಂಜಿನ್. ಕೊನೆಯ ಅಕ್ಷರ ಸಿಸಿ: ಎಚ್ ಅಂದರೆ 110, ಐ ಅಂದರೆ 125. ಬೋರ್ ಎರಡಕ್ಕೂ ಒಂದೇ, ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ, ಬೇರೆ. 110ಕ್ಕೆ 49.5 ಮಿ.ಮೀ., 125ಕ್ಕೆ 55.5. ಆರು ಮಿ.ಮೀ. ವ್ಯತ್ಯಾಸದಲ್ಲಿ ಅರ್ಧ ಮೇಲೆ, ಅರ್ಧ ಕೆಳಗೆ. ಆ ಮೇಲಿನ ಮೂರು ಮಿ.ಮೀ. ನಮ್ಮ ಕಣ್ಣೆದುರಿಗೇ ಇತ್ತು. ಲೆಕ್ಕ ಹಾಕಿದರೆ ಹೆಡ್ ಒಳಗೆ ಆರೂವರೆ ಸಿಸಿಯಷ್ಟು ಖಾಲಿ ಜಾಗ ಜಾಸ್ತಿಯಾಗಿತ್ತು. ಒಳಗೆ ಎಳೆದ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಕಂಪ್ರೆಷನ್ 9 ಇರಬೇಕಾದ್ದು 6.4ಕ್ಕೆ ಇಳಿಯುತ್ತದೆ. ಜೀವ ಎಲ್ಲಿಂದ ಬರಬೇಕು?

ಇದೇ ತಿರುಗಾಮುರುಗಾ ಆಗಿದ್ದರೆ, ಅಂದರೆ 125ರ ಕ್ರ್ಯಾಂಕ್ ಮೇಲೆ 110ರ ಬೋರ್ ಕೂರಿಸಿದ್ದರೆ, ಪಿಸ್ಟನ್ ಹೋಗಿ ಹೆಡ್‌ಗೆ ಬಡಿಯುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

110ರ ಬೋರ್ ಕಿಟ್ ಗೋವಾದಲ್ಲಿ ಸಿಗಲಿಲ್ಲ, ಮುಂಬೈಯಿಂದ ತರಿಸಿದೆ. ಬರುವವರೆಗೆ ಎಷ್ಟು ಜನ ಹೇಳಿದರೋ, "ಸ್ಪ್ಲೆಂಡರ್ ಪಿಸ್ಟನ್ ಹಾಕಿಬಿಡು, ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ" ಅಂತ. ಎರಡೂ ಹೋಂಡಾದ ಮಲಗಿದ ಸಿಲಿಂಡರ್ ಎಂಜಿನ್‌ನ ವಂಶವೇ, ಸ್ಪ್ಲೆಂಡರ್ ಸ್ಟ್ರೋಕ್ ಕೂಡ 49.5. ಆದರೆ ಅದರ ಬೋರ್ 50 ಮಿ.ಮೀ. ಪಿಸ್ಟನ್ ಸಡಿಲವಾಗಿ ಕುಣಿಯುತ್ತದೆ, ಅಷ್ಟೇ.

ಕಿಟ್ ಬಂದ ಮೇಲೆ ಈ ಸಲ ಏನನ್ನೂ ನಂಬಲಿಲ್ಲ. ಮೊದಲು ಪಿಸ್ಟನ್ ಪಿನ್ ಅಳೆದೆ. 13 ಮಿ.ಮೀ. ಬಂತು, ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ನಮ್ಮ ರಾಡ್‌ಗೆ ಸರಿ. ಇದೇ ಜಾತಿಯ ಎಂಜಿನ್‌ಗಳಲ್ಲಿ 14ರ ಪಿನ್ ಇರುವವೂ ಇವೆ. ರಿಂಗ್ ಅನ್ನು ಬೋರ್ ಒಳಗಿಟ್ಟು, ಪಿಸ್ಟನ್‌ನಿಂದಲೇ ನೇರವಾಗಿ ಒಳಗೆ ತಳ್ಳಿ, ರಿಂಗಿನ ಬಾಯಿಯ ಸಂದಿಗೆ, ಸಂದು ಅಳೆಯುವ ತೆಳು ಪಟ್ಟಿ ಫೀಲರ್ ಗೇಜ್ ತೂರಿಸಿದೆ. 0.20 ಮಿ.ಮೀ. ಹಾಯೆನಿಸಿತು. ಟೈಮಿಂಗ್ ಚೈನ್ ಮಾತ್ರ ಹಳೆಯದರದ್ದೇ ವಾಪಸ್ ಹಾಕಿದೆ. ಯಾಕಂದರೆ 125ರ ಚೈನ್ ಉದ್ದ, ಚೈನ್ ಯಾವಾಗಲೂ ಬೋರ್ ಜೊತೆಗೇ ಹೋಗಬೇಕು.

ಹಳೆಯ ಹೆಡ್‌ನ ಎಕ್ಸಾಸ್ಟ್ ವಾಲ್ವ್ ಸೀಟು ಸುಟ್ಟಿತ್ತು. ಹೊಸ ಎಂಜಿನ್‌ನ ಹೆಡ್ ಮಾತ್ರ ಬಳಸೋಣ ಅಂದುಕೊಂಡೆ. ಕ್ಯಾಮ್, ಅದು ತಳ್ಳುವ ರಾಕರ್ ಬಿಚ್ಚಿ ಅದಲುಬದಲು ಮಾಡದೆ ಪೂರ್ತಿ ಹೆಡ್ ಹಾಗೇ ಎತ್ತಿಟ್ಟೆ. ಒಂದರ ಜೊತೆ ಒಂದು ಸವೆದು ಹೊಂದಿಕೊಂಡಿರುತ್ತವೆ, ಅವನ್ನು ಅಗಲಿಸಬಾರದು. ವಾಲ್ವ್ ಪಿಸ್ಟನ್‌ಗೆ ತಾಗುತ್ತದೋ ಇಲ್ಲವೋ ನೋಡೋಕೆ ಮಗಳ ಡಬ್ಬದಿಂದ ಆಟದ ಕ್ಲೇ ತಂದೆ. ಪಿಸ್ಟನ್ ತಲೆಗೆ ಎಣ್ಣೆ ಸವರಿ, ವಾಲ್ವ್ ಬರುವ ಜಾಗದಲ್ಲಿ ಕ್ಲೇ ಒತ್ತಿದೆ. ಹಳೆಯ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿ ಮಾಡಿದೆ. ಕ್ರ್ಯಾಂಕನ್ನು ಕೈಯಲ್ಲೇ ನಿಧಾನಕ್ಕೆ ಎರಡು ಸುತ್ತು ತಿರುಗಿಸಿದೆ. ಕ್ರ್ಯಾಂಕ್ ಎರಡು ಸುತ್ತಿದರೆ ಕ್ಯಾಮ್ ಒಂದು ಸುತ್ತು, ಆದ್ದರಿಂದ ಒಂದೇ ಸುತ್ತಿಗೆ ನಿಲ್ಲಿಸಬಾರದು. ಹೆಡ್ ತೆಗೆದು ಬ್ಲೇಡ್‌ನಿಂದ ಕ್ಲೇ ಕತ್ತರಿಸಿ, ತೀರಾ ತೆಳ್ಳಗಿದ್ದ ಕಡೆ ಅಳೆದೆ. ಇನ್‌ಲೆಟ್ ಕಡೆ 2 ಮಿ.ಮೀ.ಗೆ ಸ್ವಲ್ಪ ಜಾಸ್ತಿ, ಎಕ್ಸಾಸ್ಟ್ ಕಡೆ ಅದಕ್ಕಿಂತ ದಪ್ಪ. ಒಂದೂವರೆಗಿಂತ ಕಡಿಮೆ ಬಂದಿದ್ದರೆ ನಾನು ಆ ಹೆಡ್ ಹಾಕುತ್ತಿರಲಿಲ್ಲ.

ಹುಡುಗ ಅಷ್ಟರಲ್ಲಿ ಹೊಸ ಎಂಜಿನ್‌ನ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಹೊಳೆಯುತ್ತಿದೆ ಅಂತ ಅದನ್ನೂ ಅದರ ಕಾಯಿಲ್ ಪ್ಲೇಟನ್ನೂ ಕೂರಿಸಿದ್ದ. ಕರೆಂಟೇ ಬರಲಿಲ್ಲ. ಪ್ಲಗ್‌ಗೆ ಕಿಡಿ ಕೊಡಿಸುವ ಪೆಟ್ಟಿಗೆಗೆ ಸಿಡಿಐ ಅನ್ನುತ್ತಾರೆ. ಹಳೆಯದರದ್ದು ಎಸಿ ಸಿಡಿಐ, ಅದಕ್ಕೆ ಮ್ಯಾಗ್ನೆಟ್ ಕಾಯಿಲ್‌ನ ಬೇರೆಯದೇ ಒಂದು ತಂತಿ ಸುರುಳಿಯಿಂದ ಕರೆಂಟ್ ಹೋಗಬೇಕು. ಹೊಸದರದ್ದು ಡಿಸಿ, ಬ್ಯಾಟರಿಯ 12 ವೋಲ್ಟ್‌ನಲ್ಲಿ ನಡೆಯುತ್ತದೆ, ಆ ಕಾಯಿಲ್‌ನಲ್ಲಿ ಆ ಸುರುಳಿಯೇ ಇಲ್ಲ. ಹಳೆಯ ಮ್ಯಾಗ್ನೆಟ್, ಹಳೆಯ ಕಾಯಿಲ್ ಪ್ಲೇಟ್, ಹಳೆಯ ಸಿಡಿಐ, ಮೂರನ್ನೂ ಒಟ್ಟಿಗೆ ವಾಪಸ್ ಹಾಕಿದ ಮೇಲೆ ಪ್ಲಗ್‌ನಲ್ಲಿ ನೀಲಿ ಕಿಡಿ ಚಟಚಟ ಅಂದಿತು.

ಎಂಜಿನ್ ತಣ್ಣಗಿದ್ದಾಗ ಎರಡೂ ವಾಲ್ವ್‌ಗೆ 0.05 ಮಿ.ಮೀ. ಸಂದು ಇಟ್ಟು ಸ್ಟಾರ್ಟ್ ಮಾಡಿದೆ. ಸದ್ದು ಕೇಳುತ್ತಲೇ ಹುಡುಗನ ಮುಖ ಅರಳಿತು. ಅರ್ಧ ಗಂಟೆ ಓಡಿಸಿ ಆಯಿಲ್ ಇಳಿಸಿದೆ, ಹೊಸ ಬೋರ್‌ನ ಸಣ್ಣ ಪುಡಿ ಅದರ ಜೊತೆಗೇ ಬಂತು. ಯಜಮಾನರಿಗೆ ಹೊಸ ಏರ್ ಫಿಲ್ಟರ್ ಹಾಕಿಕೊಟ್ಟು, ವಾರಕ್ಕೊಮ್ಮೆ ತೊಳೆಯಲೇಬೇಕು ಅಂತ ಕೈ ಹಿಡಿದು ಹೇಳಿದೆ. ಈಗ ಗಾಡಿ ತೋಟದ ಏರಿನಲ್ಲಿ ನಾಲ್ಕು ಚೀಲ ಹೊತ್ತು ಹತ್ತುತ್ತದೆ.

ಒಡೆದ ಎಂಜಿನ್‌ನ ಕ್ರ್ಯಾಂಕ್, ಬೋರ್, ಪಿಸ್ಟನ್, ಚೈನ್ ನಾಲ್ಕಕ್ಕೂ ಆಯಿಲ್ ಸವರಿ ಒಂದೇ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದೇವೆ. ಚೀಲದ ಮೇಲೆ ಹುಡುಗನೇ ಮಾರ್ಕರ್‌ನಿಂದ ದಪ್ಪಗೆ ಬರೆದಿದ್ದಾನೆ: 152ಎಫ್‌ಎಂಐ, ಸ್ಟ್ರೋಕ್ 55.5.